ಕೂಸನ್ನ ಎಲ್ಲಿ ಮಲಗಸ್ತೀರಿ?

ಮಗು ಬರುತ್ತೆ ಅಂತ ಗೊತ್ತಾದ ದಿನದಿಂದ ಜನ ಕೇಳೋ ಪ್ರಶ್ನೆಗಳಿಗೆ ಒಂದು ಕ್ರಮ ಇರುತ್ತೆ. ಡೇಟ್ ಯಾವಾಗ, ಯಾವ ಆಸ್ಪತ್ರೆ, ನಾರ್ಮಲ್ಲೋ ಸಿಸೇರಿಯನ್ನೋ, ಹೆಸರು ಏನು ಯೋಚನೆ ಮಾಡಿದ್ದೀರಿ. ಎಲ್ಲಿ ಮಲಗಿಸ್ತೀರಿ ಅಂತ ಮಾತ್ರ ಯಾರೂ ಕೇಳೋದಿಲ್ಲ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ರಾತ್ರಿ ಹತ್ತು ಗಂಟೆಗೆ ನಿಮ್ಮೆದುರು ಬಂದು ನಿಲ್ಲೋದು ಇದೊಂದೇ ಪ್ರಶ್ನೆ. ಹೆಸರಿಡೋಕೆ 13 ದಿನ ಟೈಮ್ ಇರುತ್ತೆ. ಇದಕ್ಕೆ 13 ನಿಮಿಷವೂ ಇರೋದಿಲ್ಲ.

ನಮ್ಮೂರು ಕಲಘಟಗಿ ಹತ್ತಿರದ ಒಂದು ಹಳ್ಳಿ. ಕಲಘಟಗಿ ಅಂದ ಕೂಡಲೇ ಧಾರವಾಡ ಕಡೆಯವರಿಗೆ ನೆನಪಾಗೋದು ತೊಟ್ಟಿಲು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ರಾಮಾಯಣ ಮಹಾಭಾರತದ ಚಿತ್ರ. ಅಂಥ ಊರಿನ ಪಕ್ಕದಲ್ಲೇ ಹುಟ್ಟಿದ ನಾನು ಅಂಥ ತೊಟ್ಟಿಲಲ್ಲಿ ಮಲಗಿದ್ದು ಹೆಸರಿಟ್ಟ ದಿನ ಮಾತ್ರ. ಅದೂ ಗೌಡರ ಮನೆಯಿಂದ ಕೇಳಿ ತಂದದ್ದಂತೆ. ಶಾಸ್ತ್ರ ಮುಗಿದ ಮೇಲೆ ತೊಟ್ಟಿಲು ವಾಪಸ್ ಹೋಯಿತು, ನಾನು ಜೋಲಿಗೆ ಬಂದೆ. ಅವ್ವನ ಹಳೇ ಸೀರೆಯನ್ನ ಜಂತಿಗೆ ಕಟ್ಟಿದರೆ ಹಗಲಿನ ವ್ಯವಸ್ಥೆ ಆಯ್ತು. ರಾತ್ರಿ ಪಡಸಾಲೆಯಲ್ಲಿ ಕೌದಿ ಹಾಸಿ ಸಾಲಾಗಿ ಎಲ್ಲರೂ. ಅಲ್ಲಿ ಕೂಸು ಎಲ್ಲಿ ಮಲಗಬೇಕು ಅನ್ನೋದು ಪ್ರಶ್ನೆಯೇ ಆಗಿರಲಿಲ್ಲ. ಒಬ್ಬರೇ ಮಲಗೋದಕ್ಕೆ ಆ ಮನೆಯಲ್ಲಿ ದೊಡ್ಡವರಿಗೇ ಜಾಗ ಇರಲಿಲ್ಲ, ಇನ್ನು ಕೂಸಿಗೆಲ್ಲಿ?

ಬೆಂಗಳೂರಿನ ನಮ್ಮ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಜಾಗವೂ ಇತ್ತು, ಪ್ರಶ್ನೆಯೂ ಇತ್ತು. ಆಫೀಸಿನ ಟೀಮ್ ಸೇರಿ ಒಂದು ಮರದ ಕ್ರಿಬ್ ಉಡುಗೊರೆ ಕೊಟ್ಟಿತ್ತು. ಸುತ್ತ ಮೆತ್ತನೆಯ ಬಂಪರ್, ಮೋಡದ ಆಕಾರದ ದಿಂಬು, ಒಂದು ಆನೆ ಬೊಂಬೆ. ಹೆಂಡತಿಯ ತವರಲ್ಲಿ ಅತ್ತೆಗೆ ಮಂಡಿ ಆಪರೇಷನ್ ಆಗಿದ್ದರಿಂದ ಬಾಣಂತನ ನಮ್ಮಲ್ಲೇ ಅಂತಾಯ್ತು. ಅವ್ವ ಊರಿಂದ ಬಂದಳು. ಅವಳ ಚೀಲದಲ್ಲಿ ಎರಡು ಕೌದಿ, ಕೂಸಿನ ತಲೆ ದುಂಡಗಾಗಲಿ ಅಂತ ಹೊಲಿದ ಸಾಸಿವೆ ದಿಂಬು, ಜೋಲಿ ಕಟ್ಟೋಕೆ ಒಂದು ಇಳಕಲ್ ಸೀರೆ. ಕ್ರಿಬ್ ನೋಡಿದವಳೇ, "ಕೂಸು ಏನ್ ತಪ್ಪು ಮಾಡೇತಿ ಅಂತ ಕಟಕಟಿಯೊಳಗ ಹಾಕ್ತಿಯೋ?" ಅಂದಳು. ಹೆಂಡತಿ ನಕ್ಕಳು, ಆದರೆ ಕ್ರಿಬ್ಬನ್ನ ಬಿಟ್ಟುಕೊಡಲಿಲ್ಲ.

ಡಿಸ್ಚಾರ್ಜ್ ದಿನ ಮಕ್ಕಳ ಡಾಕ್ಟರು ಹೇಳಿದ್ದು ನಾಲ್ಕೇ ಮಾತು. ಅಂಗಾತ ಮಲಗಿಸಿ. ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿ ಇರಲಿ. ದಿಂಬು, ಸಡಿಲ ಹೊದಿಕೆ, ಬೊಂಬೆ ಏನೂ ಬೇಡ. ನಿಮ್ಮ ರೂಮಲ್ಲೇ ಇರಲಿ, ನಿಮ್ಮ ಹಾಸಿಗೆಯಲ್ಲಿ ಬೇಡ. ಅಂದರೆ ಒಂದೇ ಏಟಿಗೆ ಟೀಮಿನ ಬಂಪರ್ರೂ ಹೋಯ್ತು, ಅವ್ವನ ಸಾಸಿವೆ ದಿಂಬೂ ಹೋಯ್ತು. ಜೋಲಿ ಬಗ್ಗೆ ಕೇಳಿದ್ದಕ್ಕೆ, ಹಗಲು ಪಕ್ಕದಲ್ಲೇ ಯಾರಾದರೂ ಕೂತು ತೂಗೋದಾದರೆ ಸರಿ, ರಾತ್ರಿ ಬೇಡ ಅಂದರು. ಜೋಲಿಯಲ್ಲಿ ಕೂಸಿನ ಬೆನ್ನು ಬಾಗುತ್ತೆ, ಗದ್ದ ಎದೆಗೆ ಒತ್ತುತ್ತೆ, ಕುತ್ತಿಗೆಯಲ್ಲಿ ಬಲವಿಲ್ಲದ ಕೂಸಿಗೆ ಉಸಿರಿನ ದಾರಿ ಕಿರಿದಾಗಬಹುದು. ಕಾರಣ ಗೊತ್ತಾದರೆ ನಮ್ಮಂಥವರಿಗೆ ಸಮಾಧಾನ. ಅವ್ವನಿಗೆ ಸಮಾಧಾನವಾಗಲಿಲ್ಲ. "ನೀವೆಲ್ಲ ಜೋಲ್ಯಾಗ ಬೆಳದವರ ಅಲ್ಲೇನು?" ಅಂದಳು.

ನಾನು ಎಂಜಿನಿಯರ್. ಎರಡು ಕಡೆಯವರು ಜಗಳ ಆಡ್ತಿದ್ದರೆ ಡಾಕ್ಯುಮೆಂಟ್ ಓದೋದು ಅಭ್ಯಾಸ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 1992ರಲ್ಲಿ ಮಕ್ಕಳನ್ನ ಬೋರಲು ಮಲಗಿಸಬೇಡಿ ಅಂತ ಹೇಳಿತು. 1994ರಲ್ಲಿ ಅಲ್ಲಿ 'ಬ್ಯಾಕ್ ಟು ಸ್ಲೀಪ್' ಅನ್ನೋ ಪ್ರಚಾರ ಶುರುವಾಯ್ತು. ಮುಂದಿನ ವರ್ಷಗಳಲ್ಲಿ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯೋ ಕೂಸುಗಳ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಔಷಧ ಇಲ್ಲ, ಯಂತ್ರ ಇಲ್ಲ, ಮಗ್ಗಲು ಬದಲಾಯಿಸಿದ್ದು ಅಷ್ಟೇ. ಅದೇ ಸಂಸ್ಥೆಯ 2022ರ ಸೂಚನೆ ಪ್ರಕಾರ ಕನಿಷ್ಠ ಮೊದಲ 6 ತಿಂಗಳು ಕೂಸು ತಂದೆತಾಯಿಯ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಬೇಕು. ಆ ಬೇರೆ ಹಾಸಿಗೆ ದುಬಾರಿಯದ್ದೇ ಆಗಬೇಕಿಲ್ಲ. ಫಿನ್ಲೆಂಡಿನಲ್ಲಿ 1938ರಿಂದ ಸರ್ಕಾರ ಬಾಣಂತಿಯರಿಗೆ ಕೊಡೋ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆಯ ಜೊತೆ ಒಂದು ಪುಟ್ಟ ಹಾಸಿಗೆಯೂ ಇರುತ್ತೆ. ಅಲ್ಲಿ ಎಷ್ಟೋ ಮಕ್ಕಳು ಮೊದಲು ಮಲಗಿದ್ದು ಆ ಪೆಟ್ಟಿಗೆಯಲ್ಲೇ.

ಓದ್ತಾ ಹೋದ ಹಾಗೆ ಇನ್ನೊಂದು ಗುಂಪು ಸಿಕ್ಕಿತು. ನಾಟರ್ ಡೇಮ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಜೇಮ್ಸ್ ಮೆಕೆನ್ನಾ ತಾಯಿ ಮಗು ಜೊತೆಗೆ ಮಲಗೋದನ್ನ ದಶಕಗಟ್ಟಲೆ ಅಭ್ಯಾಸ ಮಾಡಿದವರು. ಎದೆಹಾಲು ಮತ್ತು ನಿದ್ದೆ ಎರಡನ್ನೂ ಬೇರೆ ಮಾಡಿ ನೋಡೋದೇ ಸರಿಯಲ್ಲ ಅನ್ನೋದು ಅವರ ವಾದ. ಎದೆಹಾಲಿನ ಬಗ್ಗೆ ಕೆಲಸ ಮಾಡೋ ವೈದ್ಯರ ಅಕಾಡೆಮಿಯೊಂದು 2020ರಲ್ಲಿ, ಜೊತೆಗೆ ಮಲಗಲೇಬೇಡಿ ಅನ್ನೋದರ ಬದಲು ಯಾವಾಗ ಅಪಾಯ ಅಂತ ತಾಯಂದಿರಿಗೆ ಬಿಡಿಸಿ ಹೇಳಿ ಅಂದಿತು. ಬೀಡಿ ಸಿಗರೇಟು, ಕುಡಿತ, ನಿದ್ದೆ ಬರಿಸೋ ಮಾತ್ರೆ, ತಿಂಗಳು ತುಂಬದೆ ಹುಟ್ಟಿದ ಮಗು, ಇವಿದ್ದಲ್ಲಿ ಅಪಾಯ ಹೆಚ್ಚು. ಇತ್ತ ಟೆಕ್ಸಾಸಿನಲ್ಲಿರೋ ನನ್ನ ಸಹೋದ್ಯೋಗಿ ತನ್ನ ಮಗನನ್ನ ನಾಲ್ಕನೇ ತಿಂಗಳಿಗೆ ಬೇರೆ ರೂಮಿಗೆ ಹಾಕಿದ್ದನಂತೆ. ಬಾಸ್ಟನ್ನಿನ ಡಾಕ್ಟರ್ ರಿಚರ್ಡ್ ಫರ್ಬರ್ 1985ರಲ್ಲಿ ಬರೆದ ಪುಸ್ತಕವನ್ನ ಅವನ ಅಮ್ಮ ಅವನಿಗೆ ಓದಿದ್ದಳಂತೆ, ಅವನು ಮಗನಿಗೆ ಓದಿದನಂತೆ. "ಸ್ವಲ್ಪ ಅಳ್ತಾನೆ, ಆಮೇಲೆ ಕಲೀತಾನೆ" ಅಂದ. ಅವ್ವನಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಏನ್ ಕಲೀತದ? ಕರದ್ರ ಯಾರೂ ಬರೂದಿಲ್ಲ ಅಂತನ?"

ಅವಳ ಮಾತು ಚುಚ್ಚಿತು. ಟೆಕ್ಸಾಸಿನವನ ಮಗ ಚೆನ್ನಾಗೇ ಬೆಳೀತಿದ್ದಾನೆ ಅನ್ನೋದೂ ನಿಜ.

ಮೂರನೇ ವಾರದಲ್ಲಿ ಒಂದು ರಾತ್ರಿ ಹೆಂಡತಿ, ಬೆಳಿಗ್ಗೆ ನನಗೆ ರಿಲೀಸ್ ಇದೆ ಅಂತ ಎಬ್ಬಿಸದೆ, ಹಾಲಿನ ಸೋಫಾದಲ್ಲಿ ಕೂತು ಮಗಳಿಗೆ ಹಾಲು ಕೊಡ್ತಿದ್ದಳು. ಹೊಲಿಗೆ ನೋವು, ಮೂರು ವಾರದ ನಿದ್ದೆ ಬಾಕಿ. ಕೂತಲ್ಲೇ ಕಣ್ಣು ಮುಚ್ಚಿದೆ. ನೀರು ಕುಡಿಯೋಕೆ ಎದ್ದ ಅವ್ವ, ಸೋಫಾದ ಸಂದಿಗೆ ಜಾರ್ತಿದ್ದ ಕೂಸನ್ನ ಎತ್ತಿಕೊಂಡಳು. ಏನೂ ಆಗಲಿಲ್ಲ. ನಾವು ಕ್ರಿಬ್ಬೋ ಹಾಸಿಗೆಯೋ ಅಂತ ವಾದ ಮಾಡ್ತಿದ್ದಾಗ ಕೂಸು ಮಲಗಿದ್ದು ಇವೆರಡಕ್ಕಿಂತ ಅಪಾಯದ ಜಾಗದಲ್ಲಿ. ಅಮೆರಿಕದ ವೈದ್ಯರ ಅದೇ ಕಟ್ಟುನಿಟ್ಟಿನ ಸೂಚನೆಯಲ್ಲೂ ಇದಿದೆ: ಹಾಲು ಕೊಡ್ತಾ ನಿದ್ದೆ ಹೋಗೋ ಸಾಧ್ಯತೆ ಇದ್ದರೆ ಸೋಫಾ, ಆರಾಮ ಕುರ್ಚಿಗಿಂತ ದಿಂಬು ಹೊದಿಕೆ ತೆಗೆದ ಹಾಸಿಗೆಯೇ ಮೇಲು, ಎಚ್ಚರವಾದ ಕೂಡಲೇ ಮಗುವನ್ನ ಅದರ ಜಾಗಕ್ಕೆ ಮಲಗಿಸಿ ಅಂತ.

ಅದಾದ ಮೇಲೆ ಅವ್ವ ರಾತ್ರಿ ಮಲಗೋದನ್ನೇ ಬಿಟ್ಟಳು. ಎರಡು ಗಂಟೆಗೆ ಎದ್ದು ನೋಡಿದರೆ ಕ್ರಿಬ್ಬಿನ ಪಕ್ಕ ನೆಲದ ಮೇಲೆ ಕೂತಿದ್ದಾಳೆ, ಕಂಬಿಯ ಸಂದಿಯಿಂದ ಕೈ ಹಾಕಿ ಮಗಳ ಎದೆ ಮೇಲೆ ಇಟ್ಟಿದ್ದಾಳೆ. ಮಲಕೋ ಅವ್ವಾ, ನಾನಿದೀನಿ ಅಂದೆ.

"ನಿನಗಿಂತ ಮದಲ ಒಂದು ಇತ್ತಲ್ಲೋ" ಅಂದಳು.

ಇತ್ತು ಅನ್ನೋದು ಗೊತ್ತಿತ್ತು. ನಮ್ಮ ಮನೆಯಲ್ಲಿ ಅದರ ಬಗ್ಗೆ "ಹೋತು" ಅನ್ನೋ ಒಂದೇ ಶಬ್ದ. ಅವತ್ತು ರಾತ್ರಿ ಅವಳು ಉಳಿದದ್ದನ್ನ ಹೇಳಿದಳು. ಗಂಡು ಕೂಸು, ಮೂರು ತಿಂಗಳದ್ದು. "ಕಳೆ ತಗಿಯಾಕ ಹೋಗಿ ಬಂದಿದ್ದೆ, ಭಾಳ ದಣದಿದ್ದೆ. ಮಗ್ಗಲದಾಗ ಹಾಕ್ಕೊಂಡು ಮಲಗಿದೆ. ಮುಂಜಾನೆ ಎಬ್ಬಿಸಿದ್ರ ಏಳಲಿಲ್ಲ." ಊರವರು ದೃಷ್ಟಿ ಅಂದರು. ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ನೀನೇ ಮೈಮೇಲೆ ಬಿದ್ದಿ ಅಂದಳಂತೆ.

ಅಂಥ ಸಾವಿನಲ್ಲಿ ಎಷ್ಟೋ ಸಲ ಪೂರ್ತಿ ಪರೀಕ್ಷೆ ಮಾಡಿದ ಮೇಲೂ ಡಾಕ್ಟರಿಗೇ ಕಾರಣ ಸಿಗೋದಿಲ್ಲ, ಮೊದಲ ನಾಲ್ಕು ತಿಂಗಳಲ್ಲೇ ಹಂಗಾಗೋದು ಹೆಚ್ಚು ಅಂತ ಹೇಳಿದೆ. ಅವಳ ಕೂಸಿಗೆ ಏನಾಯ್ತು ಅಂತ ಈಗ ಯಾರೂ ಹೇಳೋಕಾಗಲ್ಲ ಅಂತಲೂ ಹೇಳಿದೆ. "ಹೌದ?" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಲೈಟ್ ಆರಿಸು ಕೂಸಿನ ಕಣ್ಣಿಗೆ ಬೀಳ್ತದ ಅಂದಳು.

ಮಗ್ಗಲಲ್ಲೇ ಇರಲಿ ಅಂತ ಅವ್ವ, ಬೇರೆ ಹಾಸಿಗೆ ಅಂತ ಡಾಕ್ಟರು. ಇಬ್ಬರ ಹೆದರಿಕೆ ಒಂದೇ ಅಂತ ಗೊತ್ತಾದ ಮೇಲೆ ವ್ಯವಸ್ಥೆ ಮಾಡೋದು ಸುಲಭವಾಯ್ತು. ಕ್ರಿಬ್ಬನ್ನ ಹೆಂಡತಿಯ ಮಂಚಕ್ಕೆ ಹತ್ತಿರ ತಂದೆವು, ಒಳಗೆ ಬಿಗಿಯಾಗಿ ಹಾಸಿದ ಬಟ್ಟೆ ಬಿಟ್ಟು ಏನೂ ಇಲ್ಲ. ಅದರ ಇನ್ನೊಂದು ಮಗ್ಗಲಿಗೆ ನೆಲದ ಮೇಲೆ ಅವ್ವನ ಹಾಸಿಗೆ. ಅವಳ ಕೈ ಕೂಸಿಗೆ ಮುಟ್ಟೋಷ್ಟು ದೂರ. ರಾತ್ರಿ ಸೋಫಾ ಬಂದ್. ಹತ್ತರಿಂದ ಎರಡರವರೆಗೆ ಕೂಸನ್ನ ಎತ್ತಿ ಕೊಟ್ಟು, ತೇಗಿಸಿ, ವಾಪಸ್ ಮಲಗಿಸೋದು ನನ್ನ ಪಾಳಿ. ಎರಡರಿಂದ ಆರು ಅವ್ವನದು. ಹಾಲು ಕೊಡೋದೊಂದು ಬಿಟ್ಟು ಹೆಂಡತಿ ಏಳೋ ಹಾಗಿಲ್ಲ. ಸಾಸಿವೆ ದಿಂಬು ಅವ್ವನ ತಲೆಯಡಿಗೆ ಹೋಯ್ತು. ಕೂಸಿನ ತಲೆ ಚಪ್ಪಟೆಯಾಗದಿರಲಿ ಅಂತ ಎಚ್ಚರ ಇದ್ದಾಗ ನಮ್ಮ ಕಣ್ಣೆದುರು ಬೋರಲು ಹಾಕ್ತಿದ್ದೆವು. ಜೋಲಿಗೆ ಕೊಂಡಿ ಹೊಡೆಯೋಕೆ ಓನರ್ ಬಿಡಲಿಲ್ಲ. ಆ ಜಗಳ ಹಂಗೆ ಮುಗೀತು.

ನಾಲ್ಕು ತಿಂಗಳಾದ ಮೇಲೆ ಬಿತ್ತನೆ ಅಂತ ಅವ್ವ ಊರಿಗೆ ಹೋದಳು. ಮೂರು ಜನರ ಪಾಳಿ ಎರಡು ಜನರ ಮೇಲೆ ಬಿತ್ತು. ನಿಜವಾದ ಕಷ್ಟ ಗೊತ್ತಾಗಿದ್ದು ಆಗ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಗಿದೆ, ಅಂದರೆ ಹತ್ತಿರ ಹತ್ತಿರ ಆರು ತಿಂಗಳು. ಖಾಸಗಿ ಕಂಪನಿಗಳಲ್ಲಿ ಅಪ್ಪನಿಗೆ ಇಷ್ಟು ದಿನ ರಜೆ ಕೊಡಲೇಬೇಕು ಅನ್ನೋ ಕಾನೂನು ಇಲ್ಲ. ಪಡಸಾಲೆಯಲ್ಲಿ ಕೂಸು ಕುಂಯ್ ಅಂದರೆ ಏಳೋಕೆ ಅಜ್ಜಿ, ಅತ್ತೆ, ಚಿಗವ್ವ ಅಂತ ನಾಲ್ಕು ಜನ ಇರ್ತಿದ್ದರು. ಇಲ್ಲಿ ಎದ್ದು ಬರೋದಕ್ಕೆ ಇರೋದು ಇಬ್ಬರು, ಇಬ್ಬರಿಗೂ ಒಂಬತ್ತೂವರೆಗೆ ಸ್ಟ್ಯಾಂಡಪ್. ಟೆಕ್ಸಾಸಿನವನಿಗೆ ಫರ್ಬರ್ ಯಾಕೆ ಬೇಕಾಯ್ತು ಅಂತ ನನಗೆ ಅರ್ಥವಾಗಿದ್ದೂ ಆಗಲೇ. ಅವನ ಮನೆಯಲ್ಲೂ ಇದ್ದದ್ದು ಇಬ್ಬರೇ.

ಈಗ ಮಗಳಿಗೆ ಹತ್ತು ತಿಂಗಳು. ತಾನೇ ಬೋರಲಾಗ್ತಾಳೆ, ತಾನೇ ತಿರುಗ್ತಾಳೆ, ಕಂಬಿ ಹಿಡಿದು ನಿಲ್ತಾಳೆ. ಕ್ರಿಬ್ ಇನ್ನೂ ನಮ್ಮ ರೂಮಲ್ಲೇ ಇದೆ, ಹಾಸಿಗೆಯನ್ನ ಕೆಳಗಿನ ಮಟ್ಟಕ್ಕೆ ಇಳಿಸಿದ್ದೇವೆ. ವರ್ಷ ತುಂಬಿದ ಮೇಲೆ ಮಂಚ ತೆಗೆದು ಮೂರೂ ಜನ ನೆಲದ ಮೇಲೆ ಹಾಸಿಕೊಳ್ಳೋಣ ಅಂತ ಹೆಂಡತಿ ಹೇಳ್ತಿದ್ದಾಳೆ. ಕಟಕಟೆ ಬೇಡ ಅಂದ ಅವ್ವ ಮೊನ್ನೆ ಫೋನಿನಲ್ಲಿ, "ಅದನ್ನ ಮಾರಬ್ಯಾಡ, ಮುಂದಿನದಕ್ಕ ಬೇಕಾಗ್ತದ" ಅಂದಳು. ಮುಂದಿನದರ ವಿಚಾರ ನಾವಿನ್ನೂ ಮಾಡಿಲ್ಲ.

ಮೊನ್ನೆ ಟೀಮಿನ ಹುಡುಗನೊಬ್ಬ ತಾನು ಅಪ್ಪ ಆಗ್ತಿದ್ದೀನಿ, ಯಾವ ಕ್ರಿಬ್ ತಗೊಳ್ಳಲಿ ಅಂತ ಕೇಳಿದ. ಯಾವುದಾದರೂ ತಗೋ ಮಾರಾಯ, ಹಾಸಿಗೆ ಗಟ್ಟಿ ಇರಲಿ, ಒಳಗೆ ಏನೂ ಹಾಕಬೇಡ ಅಂದೆ. ಅದಕ್ಕೂ ಮೊದಲು ಇಬ್ಬರೂ ಕೂತು, ರಾತ್ರಿ ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಯಾರು ಏಳೋದು ಅಂತ ಬರೆದು ಗೋಡೆಗೆ ಅಂಟಿಸಿ. ಅವನು ಒಂದು ಕ್ಷಣ ಯೋಚನೆ ಮಾಡಿ, ನನ್ನ ಆನ್-ಕಾಲ್ ವಾರ ಬಿಟ್ಟು ತಾನೆ ಅಂದ. ಇಲ್ಲ, ಅದೂ ಸೇರಿಸಿ.