ಭಾವನವರ ಹೊಗೆಡಬ್ಬಿ

ಗಲ್ಫ್ ಬಿಟ್ಟು ಊರಿಗೆ ಬಂದು ಕೂತವರಿಗೆ ಮೊದಲ ವರ್ಷ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಕೆಲವರು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುತ್ತಾರೆ, ಕೆಲವರು ತುಂಬಿದ ಬಾವಿಯ ಪಕ್ಕದಲ್ಲೇ ಬೋರ್‌ವೆಲ್ ಕೊರೆಸುತ್ತಾರೆ. ಮೂಡುಬಿದಿರೆಯಿಂದ ತುಸು ಆಚೆ, ಅಲಂಗಾರಿನ ಬದಿಯಲ್ಲಿ ಮನೆ ಕಟ್ಟಿಸಿರುವ ನಮ್ಮ ಭಾವನಿಗೆ ಹಿಡಿದದ್ದು ಹೊಗೆಯಲ್ಲಿ ಮಾಂಸ ಬೇಯಿಸುವ ಹುಚ್ಚು. ಮಸ್ಕತ್ತಿನಲ್ಲಿ ಅವರ ಮೇಲಧಿಕಾರಿ ಅಮೆರಿಕದವನಂತೆ. ರಜೆಯ ದಿನ ಅವನ ಹಿತ್ತಲಲ್ಲಿ ಕರಿ ಬಣ್ಣದ ಡಬ್ಬಿಯೊಂದು ಬೆಳಗಿನಿಂದ ಸಂಜೆವರೆಗೆ ಸಣ್ಣಗೆ ಹೊಗೆ ಬಿಡುತ್ತ ನಿಂತಿರುತ್ತಿತ್ತಂತೆ. ಅದರೊಳಗಿನಿಂದ ಇಳಿದ ಕುರಿಯ ಭುಜದ ರುಚಿಯನ್ನು ಭಾವ ಹೇಳತೊಡಗಿದರೆ ಎದುರಿನ ಕೋರಿರೊಟ್ಟಿ ಸಾರಿನಲ್ಲಿ ನೆನೆದು ಮುದ್ದೆಯಾದದ್ದೂ ಗೊತ್ತಾಗುವುದಿಲ್ಲ.

“ತೆಗೊಳ್ಳುವುದೇನೋ ನಿಶ್ಚಯ ಮಾರಾಯ. ಸೈಜ್ ಯಾವುದು ಅಂತ ನೀನು ಹೇಳು” ಎಂದು ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದರು. ನಾನು ಸಿದ್ಧಕಟ್ಟೆಯವನು. ಅಲ್ಲಿಂದ ಬಂಟ್ವಾಳಕ್ಕೂ ಮೂಡುಬಿದಿರೆಗೂ ನೇರ ದಾರಿ, ಬೆಳ್ತಂಗಡಿಯೂ ದೂರವಲ್ಲ. ಮೂರು ಕಡೆಯ ನೆಂಟರ ಪಂಚಾತಿಕೆಗೂ ನಾನು ಸಿಗುತ್ತೇನೆ ಎಂಬುದು ಬಿಟ್ಟರೆ ಈ ವಿಷಯದಲ್ಲಿ ನನಗೆ ಬೇರೆ ಅರ್ಹತೆ ಇಲ್ಲ.

ಮೊಬೈಲಿನಲ್ಲಿ ಮೂರು ಡಬ್ಬಿ. ಮೂರಕ್ಕೂ ಒಂದೇ ರೂಪ: ಅಡಿಯಲ್ಲಿ ಇದ್ದಿಲು, ನಡುವೆ ನೀರಿನ ಬೋಗುಣಿ, ಮೇಲೆ ಎರಡು ಜಾಲರಿ, ತಲೆಗೊಂದು ಮುಚ್ಚಳ. ಅಡ್ಡಗಲ 14, 18, 22 ಇಂಚು. ಭಾವನ ಬೆರಳು 22ರ ಮೇಲೆಯೇ ನಿಂತಿತ್ತು. “14ಕ್ಕೂ 22ಕ್ಕೂ ಎಂಟೇ ಇಂಚು ವ್ಯತ್ಯಾಸ. ದೊಡ್ಡದೇ ಇರಲಿ ಅಲ್ವಾ?” ಅಂಗಡಿಯವರು ಬಯಸುವುದೂ ನಾವು ಹಾಗೆ ಯೋಚಿಸಲಿ ಎಂದೇ. ದುಂಡಗಿನ ಜಾಲರಿಯ ವಿಸ್ತೀರ್ಣ ಅಡ್ಡಗಲದ ವರ್ಗಕ್ಕೆ ತಕ್ಕಂತೆ ಏರುತ್ತದೆ. 14 ಇಂಚಿನದಕ್ಕಿಂತ 22 ಇಂಚಿನದರಲ್ಲಿ ಸುಮಾರು ಎರಡೂವರೆ ಪಟ್ಟು ಜಾಗ. ಹೊಟ್ಟೆ ಹಿಗ್ಗಿದ ಹಾಗೆ ಹಸಿವೂ ಹಿಗ್ಗುತ್ತದೆ. ಎರಡು ಕಿಲೋ ಹಂದಿಮಾಂಸ ಇಡಲಿ, ಎಂಟು ಕಿಲೋ ಇಡಲಿ, ಆ ಡಬ್ಬಿಯ ಒಳಗನ್ನು 110ರಿಂದ 120 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅರ್ಧ ದಿನ ಹಿಡಿದು ನಿಲ್ಲಿಸಬೇಕು. ಭುಜದ ತುಂಡು ಬೇಗ ಬೇಯುವುದಿಲ್ಲ. ಒಳಗಿನ ಬಿಸಿ 65–70 ಡಿಗ್ರಿಯವರೆಗೆ ಏರಿ ಅಲ್ಲೇ ಗಂಟೆಗಟ್ಟಲೆ ಹಠ ಹಿಡಿದು ಕೂತುಬಿಡುತ್ತದೆ. ಮೇಲ್ಮೈಯಿಂದ ನೀರು ಆರುತ್ತ ಮಾಂಸವನ್ನು ತಣಿಸುತ್ತಿರುತ್ತದೆ. ಆ ಹೊತ್ತಿಗೆ ಇದ್ದಿಲು ಮುಗಿದರೆ ಊಟ ರಾತ್ರಿ ಹತ್ತಕ್ಕೆ. ಹಾಗೆಂದು ತೀರಾ ಚಿಕ್ಕದರಲ್ಲಿ ತುಂಡುಗಳನ್ನು ಒತ್ತೊತ್ತಾಗಿ ತುಂಬಿದರೂ ಆಗದು. ತುಂಡಿಗೂ ತುಂಡಿಗೂ ನಡುವೆ ಎರಡು ಬೆರಳು ಸಂದು ಇಲ್ಲದಿದ್ದರೆ ಒತ್ತಿಕೊಂಡ ಬದಿಗೆ ಹೊಗೆಯೇ ತಾಗುವುದಿಲ್ಲ.

ಅಕ್ಕ ಒಳಗಿನಿಂದ, “ನಮಗೆಂತಕ್ಕೆ ಅದು? ಅಮ್ಮನ ಮನೆಯಲ್ಲಿ ಅಟ್ಟ ಇತ್ತಲ್ಲ, ಅದಕ್ಕೆ ಯಾರು ಸೈಜ್ ಕೇಳಿದ್ದು?” ಎಂದಳು.

ಅಕ್ಕ ಹೇಳಿದ್ದು ಒಲೆಯ ಮೇಲಿನ ಅಟ್ಟದ ಮಾತು. ನಮ್ಮ ಕಡೆಯ ಹಳೆ ಮನೆಗಳಲ್ಲಿ ಅಡಿಗೆಕೋಣೆಯ ಒಲೆಯ ನೆತ್ತಿಗೆ ಸರಿಯಾಗಿ, ಕೈ ಎತ್ತಿದರೆ ಸಿಗುವಷ್ಟು ಎತ್ತರದಲ್ಲಿ ಅಡಿಕೆ ಸಲಾಕೆಯದೋ ಬಿದಿರಿನದೋ ಒಂದು ತಟ್ಟಿ ಇರುತ್ತಿತ್ತು. ಕುಚ್ಚಲಕ್ಕಿ ಅನ್ನ ಗಡಿಬಿಡಿಯಲ್ಲಿ ಆಗುವಂಥದ್ದಲ್ಲ. ಗಂಟೆಗೂ ಮಿಕ್ಕಿ ಬೇಯಬೇಕು. ಮಧ್ಯಾಹ್ನಕ್ಕೊಮ್ಮೆ ರಾತ್ರಿಗೊಮ್ಮೆ ಬೆಂಕಿ, ನಡುನಡುವೆ ದನಗಳ ಕಲಗಚ್ಚಿಗೆ. ಹೊಗೆ ಪುಕ್ಕಟೆ. ಅನ್ನ ಬೇಯಿಸಿ ಮಿಕ್ಕ ಹೊಗೆಯಲ್ಲೇ ಅಟ್ಟದ ಸಂಸಾರ ನಡೆಯುತ್ತಿತ್ತು. ಬಿತ್ತನೆಯ ಹೀರೆ, ಸೋರೆ, ಉಪ್ಪು ಸವರಿದ ಹುಣಸೆ, ಪುನರ್ಪುಳಿಯ ಸಿಪ್ಪೆ, ಒಂದು ಮೂಲೆಯಲ್ಲಿ ಒಣಮೀನಿನ ಬುಟ್ಟಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ ಎಂಬ ನಿಯಮ ಈಗಿನದು. ನಿಯಮ ಇಲ್ಲದಾಗಲೂ ಆ ಕಡಲಿಗೆ ಹೋಗುವ ಧೈರ್ಯ ಎಷ್ಟು ಜನಕ್ಕಿತ್ತು? ಘಟ್ಟದ ಬುಡದ ಊರಿಗೆ ಆಟಿಯಲ್ಲಿ ಹಸಿಮೀನು ಬರುವ ಮಾತೇ ಇರಲಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಒಣಗಿದ್ದು ಒಣಗಿದಂತೆಯೇ ಉಳಿಯಬೇಕಾದರೆ ಅದು ಒಲೆಯ ಮೇಲೆಯೇ ಇರಬೇಕು.

ಮಾಂಸವೂ ಅಲ್ಲಿಗೆ ಏರುತ್ತಿತ್ತು, ಅಪರೂಪಕ್ಕೆ. ಉಪ್ಪು, ಅರಸಿನ ಹಚ್ಚಿ, ಬೆರಳಿನಷ್ಟು ಸಪೂರ ಕೊಯ್ದ ಪಟ್ಟಿಗಳನ್ನು ಬಾಳೆನಾರಿನಲ್ಲಿ ಪೋಣಿಸಿ ಇಳಿಬಿಡುತ್ತಿದ್ದರು. ಕೆಲವೇ ದಿನಗಳಲ್ಲಿ ಅದು ಮಸಿ ಹಿಡಿದು ಕಪ್ಪಾಗಿ, ಬೆಲ್ಟಿನ ಚೂರಿನಷ್ಟು ಗಟ್ಟಿಯಾಗುತ್ತಿತ್ತು. ಬೇಕಾದಾಗ ಎರಡು ತುಂಡು ಕಿತ್ತು, ಕೆಂಡದಲ್ಲಿ ಸುಟ್ಟು, ಕಲ್ಲಿನಲ್ಲಿ ಜಜ್ಜಿ, ನೀರುಳ್ಳಿ ಹಸಿಮೆಣಸು ಸೇರಿಸಿ ಗಂಜಿಗೆ ನೆಂಚಿಕೊಂಡರಾಯಿತು. ಕೊಡಗಿನವರು ಹಂದಿಮಾಂಸವನ್ನು ಹೀಗೆ ಒಲೆಯ ಮೇಲೆ ಒಣಗಿಸುವುದರಲ್ಲಿ ನಮಗಿಂತ ಎಷ್ಟೋ ಮುಂದೆ. ನಮ್ಮಲ್ಲಿ ಅದು ಅಷ್ಟಾಗಿ ಬೆಳೆಯದಿರುವುದಕ್ಕೆ ನನಗೆ ತೋರುವ ಕಾರಣ ಸರಳ: ಇಲ್ಲಿ ಮಾಂಸ ಮಿಗುತ್ತಿರಲಿಲ್ಲ. ಬೇಟೆ ನಡೆಯುತ್ತಿದ್ದ ಕಾಲದಲ್ಲಿ ಪಾಲು ಹಂಚಿ ಮುಗಿಯುತ್ತಿತ್ತು. 1972ರ ವನ್ಯಜೀವಿ ಕಾಯ್ದೆಯ ನಂತರ ಆ ಮಾತನ್ನು ಆಡುವ ಹಾಗೂ ಇಲ್ಲ. ಕೋಲದ ಮರುದಿನದ ಕೋಳಿ ಊರಿಗೆಲ್ಲ ಸಾಕಾದರೆ ದೊಡ್ಡದು. ಕ್ರೈಸ್ತರ ಮದುವೆಯ ಹಂದಿ ಬಫಾತ್ ಆಗಿ, ಸಣ್ಣಗಳ ಜೊತೆ ಅಂದೇ ತೀರುತ್ತಿತ್ತು.

ಹೊಗೆಡಬ್ಬಿಯವರು ಬರೆಯುವ ಪುಸ್ತಕಗಳಲ್ಲಿ ತಣ್ಣನೆಯ ಹೊಗೆ ಎಂಬ ಇನ್ನೊಂದು ವಿದ್ಯೆಯೂ ಇರುತ್ತದೆ, 30 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಹೊಗೆ ಕೊಡುವುದು. ಭಾವ ಅದಕ್ಕೂ ಆಸೆಪಟ್ಟರು. ನೆರಳಲ್ಲಿ ಕೂತರೂ ಬೆವರುವ ಊರಿನಲ್ಲಿ ಅದು ನಡೆಯುವ ಮಾತಲ್ಲ. ಹಸಿಮಾಂಸ ಕೆಡಲು ಅತಿ ಇಷ್ಟಪಡುವ ಬಿಸಿಯೇ ನಮ್ಮ ಹವೆಯ ಬಿಸಿ. ಅಟ್ಟದ ಮಾಂಸ ಕೆಡದೆ ಉಳಿದದ್ದು ಉಪ್ಪಿನಿಂದ, ಸಪೂರ ಕೊಯ್ದದ್ದರಿಂದ, ಕೆಳಗೆ ಬೆಂಕಿ ಆರದಿದ್ದುದರಿಂದ. ಅಕ್ಕನ ಈಗಿನ ಅಡಿಗೆಮನೆಯಲ್ಲಿ ಗ್ಯಾಸು, ಮೇಲೆ ಹೊಗೆ ಎಳೆಯುವ ಚಿಮಣಿ. ಅಲ್ಲಿ ಅಟ್ಟ ಕಟ್ಟಿದರೆ ಒಗ್ಗರಣೆಯ ಎಣ್ಣೆಜಿಡ್ಡು ಮಾತ್ರ ಸಿಕ್ಕೀತು.

ಹೊಗೆಯ ಅಳತೆಯನ್ನು ಸರಿಯಾಗಿ ಬಲ್ಲವರನ್ನು ನೋಡಬೇಕಾದರೆ ಬೆಳ್ತಂಗಡಿಯ ಕಡೆ ಹೋಗಬೇಕು. ಮುಂಡಾಜೆ, ಚಾರ್ಮಾಡಿ, ನಾರಾವಿ ಅಂತ ಘಟ್ಟದ ಬುಡಕ್ಕೆ ಸಾಗಿದಷ್ಟೂ ಅಡಿಕೆಯ ನಡುನಡುವೆ ರಬ್ಬರು. ತಿರುವಾಂಕೂರಿನ ಕಡೆಯಿಂದ ಗುಡ್ಡ ಕೊಂಡು ಬಂದು ನೆಲೆಸಿದ ಮಲಯಾಳಿ ಕೃಷಿಕರು ಇಲ್ಲಿ ಎಷ್ಟು ಬೇರೂರಿದ್ದಾರೆಂದರೆ 1999ರಲ್ಲಿ ಬೆಳ್ತಂಗಡಿಯೇ ಸಿರೋ ಮಲಬಾರ್ ಕ್ರೈಸ್ತರ ಧರ್ಮಪ್ರಾಂತವಾಯಿತು. ಅವರ ಮನೆಗಳ ಹಿಂದೆ ಸ್ಮೋಕ್ ಹೌಸ್ ಇರುತ್ತದೆ: ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಹೊರಗೆ ಬೆಂಕಿಗೂಡು, ಒಳಗೆ ಸಾಲು ಸಾಲು ಸಲಾಕೆಗಳ ಮೇಲೆ ಬಟ್ಟೆ ಒಣಹಾಕಿದಂತೆ ರಬ್ಬರ್ ಶೀಟು. ಹಾಲನ್ನು ಆ್ಯಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರಿಗೆ ಕೊಟ್ಟು, ನೀರಿಳಿಸಿ ಒಳಗೆ ತೂಗಿದರೆ 40ರಿಂದ 60 ಡಿಗ್ರಿಯ ಹೊಗೆಯಲ್ಲಿ ನಾಲ್ಕು ದಿನ. ಬಿಳಿ ಶೀಟು ಜೇನುಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬೆಳಕಿಗೆ ಹಿಡಿದು, ಗುಳ್ಳೆ ಉಂಟೋ ಬೂಷ್ಟು ಉಂಟೋ ನೋಡಿ ಆರ್‌ಎಸ್‌ಎಸ್ (ರಿಬ್ಡ್ ಸ್ಮೋಕ್ಡ್ ಶೀಟ್) 1ರಿಂದ 5ರವರೆಗೆ ದರ್ಜೆ.

ಮುಂಡಾಜೆಯ ಬದಿಯ ನನ್ನ ಸ್ನೇಹಿತರೊಬ್ಬರಲ್ಲಿಗೆ ಭಾವನನ್ನು ಕರೆದುಕೊಂಡು ಹೋದೆ. ಊರಿಗೆಲ್ಲ ಅವರು ಚೇಟ. “ಇದರ ಅಳತೆ ಹೇಗೆ ಲೆಕ್ಕ ಹಾಕಿದಿರಿ ಚೇಟ?” ಎಂದು ಭಾವ ಕೇಳಿದರು.

“ಅದೆಂಥ ಲೆಕ್ಕ! ದಿನಕ್ಕೆ ಎಷ್ಟು ಶೀಟು, ಅದು ಒಳಗೆ ಎಷ್ಟು ದಿನ. ಗುಣಿಸಿದರೆ ಆಯ್ತು. ದೊಡ್ಡದು ಕಟ್ಟಿದರೆ ಅರ್ಧ ಖಾಲಿ ಮನೆಗೆ ಸೌದೆ ಉರಿಸಬೇಕು. ಖಾಲಿ ಜಾಗ ಒಣಗಿಸಿ ಯಾರಿಗೆ ಮಾರುವುದು?”

ಭಾವ ಕತ್ತೆತ್ತಿ ಮಾಡಿನ ಅಡ್ಡೆಗಳನ್ನು ನೋಡುತ್ತ, ಇಲ್ಲೇ ಒಂದು ಮೂಲೆಯಲ್ಲಿ ಹಂದಿಯ ತುಂಡೊಂದನ್ನು ತೂಗಿದರೆ ಹೇಗೆ ಎಂದರು. ಚೇಟನ ಮುಖ ಕೆಂಪಾಯಿತು. ಕೊಬ್ಬಿನ ಒಂದು ತೊಟ್ಟು ಶೀಟಿನ ಮೇಲೆ ಬಿದ್ದರೆ ದರ್ಜೆ ಹೋಯಿತು. ಮಾಂಸದ ಗತಿ ಅದಕ್ಕಿಂತ ಕಷ್ಟ. 40–60 ಡಿಗ್ರಿ ಮಾಂಸ ಬೇಯುವ ಬಿಸಿಯಲ್ಲ, ಕೆಡುವ ಬಿಸಿ. ಅದರ ಮೇಲೆ ಆ್ಯಸಿಡ್ಡಿನ ಹುಳಿವಾಸನೆ. ತಿಂದವರು ತಾವು ಜಗಿದದ್ದು ಪಂದಿಯೋ ಟೈರೋ ಎಂದು ಕೇಳಿಯಾರು.

ಬರುವಾಗ ದಾರಿಯುದ್ದಕ್ಕೂ ಭಾವ ಚೇಟನ ಗುಣಾಕಾರವನ್ನೇ ತಮ್ಮ ಮನೆಗೆ ಹಚ್ಚುತ್ತಿದ್ದರು. ಹಚ್ಚಿದ್ದು ಮಾತ್ರ ಡಿಸೆಂಬರಿಗೆ. ಡಿಸೆಂಬರಿನಲ್ಲಿ ಮಗಳು ಅಳಿಯ ದುಬೈಯಿಂದ ಬರುತ್ತಾರೆ, ಮುಂಬಯಿಯ ತಮ್ಮ ಸಂಸಾರ ಸಮೇತ ಬರುತ್ತಾನೆ, ಪಕ್ಕದ ಮನೆಯ ಪೊರ್ಬುಗಳಲ್ಲಿ ಕ್ರಿಸ್ಮಸ್. ಎಲ್ಲ ಸೇರಿ ನಲವತ್ತು ಜನ. ನಲವತ್ತು ಜನಕ್ಕೆ 22 ಇಂಚೂ ಸಾಲದು! ಆ ಮನೆಯಲ್ಲಿ ಜುಲೈಯಲ್ಲಿ ಉಣ್ಣುವವರು ಭಾವ, ಅಕ್ಕ, ಭಾವನ ತಾಯಿ, ಅವರಿಗೂ ಹಲ್ಲಿಲ್ಲ.

ನನ್ನ ವಾದ ಇರುವುದು ಇಲ್ಲೇ. ನಮ್ಮ ಕಡೆ ದೊಡ್ಡ ಪಾತ್ರೆಯನ್ನು ಯಾರೂ ಮನೆಯಲ್ಲಿಟ್ಟುಕೊಳ್ಳುವುದಿಲ್ಲ. ಬಂಟ್ವಾಳ ಪೇಟೆಯಲ್ಲಾಗಲಿ ಬಿ.ಸಿ.ರೋಡಿನಲ್ಲಾಗಲಿ ಶಾಮಿಯಾನದವರ ಗೋಡೌನಿಗೆ ಹೋಗಿ ನೋಡಿ. ಕೊಪ್ಪರಿಗೆ, ಕಡಾಯಿ, ಎರಡಾಳು ಹೊರುವ ಮುಚ್ಚಳ, ದೋಣಿಯ ಹುಟ್ಟಿನಷ್ಟು ಉದ್ದದ ಸಟ್ಟುಗ, ಎಲ್ಲ ಬಾಡಿಗೆಗೆ. ಗೃಹಪ್ರವೇಶ, ಕೋಲ, ಬೊಜ್ಜ, ಮದರಂಗಿ, ಯಾವುದೇ ಇರಲಿ, ಬೆಳಿಗ್ಗೆ ಪಿಕಪ್ಪಿನಲ್ಲಿ ಬರುತ್ತದೆ, ಮರುದಿನ ತೊಳೆದು ಹೋಗುತ್ತದೆ. ಮನೆಯ ಕಪಾಟಿನಲ್ಲಿರುವುದು ನಾಲ್ಕು ಜನಕ್ಕೆ ಬೇಕಾದ ಕುಕ್ಕರ್. ಅಷ್ಟು ಶಿಸ್ತಿನ ಜನ ಹೊಗೆಡಬ್ಬಿಯ ವಿಷಯ ಬಂದಾಗ ಮಾತ್ರ ವರ್ಷಕ್ಕೊಂದು ವಾರದ ನೆಂಟರಿಗೆ ಅಳತೆ ತೆಗೆಯುವುದೇಕೆ? ಮೂರು ಕಿಲೋ ಭುಜದ ತುಂಡು ಹೊಗೆಯಿಂದ ಇಳಿಯುವಾಗ ನೀರೂ ಕೊಬ್ಬೂ ಸೋರಿ ಎರಡು ಕಿಲೋದ ಸುತ್ತಮುತ್ತ ಉಳಿಯುತ್ತದೆ. ನಾಲ್ಕು ಜನ ಎರಡು ಹೊತ್ತು ಉಂಡು, ಪೊರ್ಬುಗಳ ಮನೆಗೆ ಒಂದು ಬಟ್ಟಲು ಕಳಿಸಬಹುದು. ಅದಕ್ಕೆ 18 ಇಂಚು ಧಾರಾಳ. ತಲೆಗಳು ಇನ್ನೂ ಕಡಿಮೆಯಾದರೆ 14.

ಸುತ್ತಲಿನವರ ಮೂಗನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೂಡುಬಿದಿರೆ ಎಂದರೆ ಜೈನಕಾಶಿ. 1430ರ ಸಾವಿರ ಕಂಬದ ಬಸದಿ ಇರುವ ಊರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆಗಳು ಅಲ್ಲಿ ಈಗಲೂ ಇವೆ. ಅಂಥ ಮನೆಯ ಕಿಟಕಿಗೆ ಸಂಜೆ ಐದಕ್ಕೆ ಹಂದಿಯ ಹೊಗೆ ನುಗ್ಗಿಸಿ ನೆರೆಹೊರೆ ಉಳಿಸಿಕೊಳ್ಳುತ್ತೇನೆಂದರೆ ಆಗುತ್ತದೆಯೇ? ದೊಡ್ಡ ಡಬ್ಬಿಯ ಹೊಗೆ ದೊಡ್ಡದು. ಹಸಿ ಸೌದೆ ಹಾಕಿದರೆ ಅದು ಬಿಳಿಯಾಗಿ, ದಟ್ಟವಾಗಿ, ಮಾಂಸಕ್ಕೂ ಕಹಿ, ನೆರೆಮನೆಗೂ ಕಹಿ. ಗೆರಟೆಯ ಇದ್ದಿಲು, ಅದರ ಮೇಲೆ ಮಳೆಗೆ ಮೊದಲೇ ಒಳಗಿಟ್ಟು ಒಣಗಿಸಿದ ಪೇರಳೆಯದೋ ಮಾವಿನದೋ ಒಂದೆರಡು ತುಂಡು, ಅಷ್ಟು ಸಾಕು. ಹೊಗೆ ಕಂಡೂ ಕಾಣದಷ್ಟು ತೆಳ್ಳಗಿರಬೇಕು. ಗೇರುಬೀಜದ ಸಿಪ್ಪೆ ಚೆನ್ನಾಗಿ ಉರಿಯುತ್ತದೆಂದು ಯಾರಾದರೂ ಕೊಟ್ಟರೆ ಕೈಮುಗಿದು ವಾಪಸು ಕಳಿಸಿ. ಅದರ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಅದರ ಹೊಗೆ ತಿನ್ನುವ ವಸ್ತುವಿನ ಹತ್ತಿರವೂ ಸುಳಿಯಬಾರದು.

ವಿದೇಶದ ಡಬ್ಬಿಯ ಬೆಲೆ ಕೇಳಿ ಅಕ್ಕ ಎರಡು ದಿನ ಮಾತು ಬಿಟ್ಟ ಮೇಲೆ ಭಾವ ಗುಜರಿ ಅಂಗಡಿಯ ಕಡೆ ತಿರುಗಿದರು. ಅಲ್ಲಿ 200 ಲೀಟರಿನ ಡ್ರಮ್ಮು ಸಿಗುತ್ತದೆ. ಒಳ ಅಡ್ಡಗಲ 22.5 ಇಂಚು, ಅಂದರೆ ಅವರ ಕನಸಿನ ದೊಡ್ಡ ಡಬ್ಬಿಯಷ್ಟೇ. ಅವರ ಕಣ್ಣು ಮತ್ತೆ ಹೊಳೆಯಿತು. ಆದರೆ ವೆಲ್ಡಿಂಗ್ ಶಾಪಿನ ಹುಡುಗ ಭಾವನಿಗಿಂತ ತಿಳಿದವ. ಒಳಗೆ ಏನಿತ್ತೆಂದು ಗೊತ್ತಿಲ್ಲದ ಡ್ರಮ್ಮು ಬೇಡ, ತಿನ್ನುವ ಎಣ್ಣೆಯದ್ದಾದರೂ ಒಳಗಿನ ಬಣ್ಣವನ್ನು ಬೆಂಕಿ ಹಾಕಿ ಪೂರ್ತಿ ಸುಟ್ಟು ಉಜ್ಜಬೇಕು, ಜಿ.ಐ. ಶೀಟಂತೂ ಮುಟ್ಟಲೇಬಾರದು, ಕಾದರೆ ಸತುವಿನ ಹೊಗೆ ಬರುತ್ತದೆ ಎಂದ. ಕೊನೆಗೆ ಟೇಪು ಎಳೆದು, “ಮೀನಿಗಾ, ಮಾಂಸಕ್ಕಾ ಸಾರ್?” ಎಂದು ಕೇಳಿದ.

ಆ ಪ್ರಶ್ನೆ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಮಾಂಸಕ್ಕೆ ಬೇಕಾದದ್ದು ಅಗಲ, ಬಂಗುಡೆಗೆ ಬೇಕಾದದ್ದು ಎತ್ತರ. ಬಾಲಕ್ಕೆ ಕೊಕ್ಕೆ ಸಿಕ್ಕಿಸಿ ತೂಗಿದರೆ ಹದಿನೆಂಟು ಇಂಚಿನ ಕೊಳವೆಯಲ್ಲೇ ಎರಡು ಡಜನು ಬಂಗುಡೆ ಒಂದಕ್ಕೊಂದು ತಾಗದೆ ನಿಲ್ಲುತ್ತದೆ. ವಾರಕ್ಕೆ ನಾಲ್ಕು ದಿನ ಮೀನು ತಿನ್ನುವ ಮನೆಯಲ್ಲಿ ಮೂರು ಮಂದಿ ಕೂತು ಹಂದಿಯ ಲೆಕ್ಕವನ್ನೇ ಹಾಕುತ್ತಿದ್ದೆವು. ಹುಡುಗ ದಪ್ಪ ಕಪ್ಪು ಶೀಟನ್ನು ಸುರುಳಿ ಮಾಡಿ, 18 ಇಂಚು ಅಗಲ, ಮೂರೂವರೆ ಅಡಿ ಎತ್ತರ ಎಂದು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದುಕೊಂಡ.

ಹುಡುಗ ಮುಂಗಡಕ್ಕೆಂದು ಮನೆಗೆ ಬಂದಾಗಲೂ “ಡಿಸೆಂಬರಿಗೆ ಎಂತ ಮಾಡುವುದು?” ಎಂದು ಭಾವ ಬಿಡಲಿಲ್ಲ. ವಿಷಯ ಕೇಳಿ ಬೇಲಿಯಾಚೆಯ ಪೊರ್ಬುಗಳ ಮನೆಯಿಂದ ಬಂದಿದ್ದ ಬಾಯಮ್ಮ, “ನಮಗೂ ಅದೇ ಅಳತೆಯದ್ದು ಒಂದು ಹೇಳಿಬಿಡಿ. ಕ್ರಿಸ್ಮಸ್ಸಿಗೆ ಎರಡನ್ನೂ ಹೊತ್ತಿಸುವ” ಎಂದರು. ಅಕ್ಕ ಒಳಗೆ ಹೋಗಿ ಹುಡುಗನಿಗೆ ಮುಂಗಡದ ಹಣ ತಂದು ಕೊಟ್ಟಳು, ಒಂದಕ್ಕೆ ಮಾತ್ರ.