ಪಾಸಿಟಿವ್ ಎಂಬ ಮಾತು

ಶಿಕ್ಷಕರ ತರಬೇತಿಗಳಲ್ಲಿ ಪಾಸಿಟಿವ್ ಎಂಬುದು ಬಲು ಮುದ್ದಿನ ಮಾತು. ಅದೇ ಮಾತು ರಕ್ತಪರೀಕ್ಷೆಯ ಚೀಟಿಯಲ್ಲಿ ಬಂದರೆ ಮನೆಮಂದಿಯ ಕೈಕಾಲು ತಣ್ಣಗಾಗುತ್ತದೆ. ಹೆಪಟೈಟಿಸ್ ಬಿ ಚೀಟಿಯಲ್ಲಂತೂ ಒಂದು ಸಾಲಿನ ಪಾಸಿಟಿವ್ ಕೆಟ್ಟದ್ದು, ಮುಂದಿನ ಸಾಲಿನದೇ ಒಳ್ಳೆಯದು!

ನನ್ನ ತಂಗಿಯ ಮಗಳು ನರ್ಸಿಂಗ್ ಮುಗಿಸಿದ ಹುಡುಗಿ. ಮದುವೆ ಗೊತ್ತಾಗಿತ್ತು. ಕೆಲಸಕ್ಕೆ ಸೇರಲು ಮಾಡಿಸಿದ ಪರೀಕ್ಷೆಯ ಚೀಟಿ ಹೇಗೋ ಬೀಗರ ಕಣ್ಣಿಗೆ ಬಿತ್ತು. 'ಆಂಟಿ ಎಚ್‌ಬಿಎಸ್ ಪಾಸಿಟಿವ್, 340' ಎಂದಿತ್ತು. ಸಂಜೆಯೊಳಗೆ 'ಹುಡುಗಿಯ ರಕ್ತದಲ್ಲೇ ಕಾಮಾಲೆ ಇದೆಯಂತೆ' ಎಂದು ಸುದ್ದಿ. "ಅಕ್ಕಾ, ಇನ್ನು ಇವಳನ್ನ ಯಾರು ಮಾಡ್ಕೋತಾರೆ?" ಎಂದು ತಂಗಿ ಫೋನಿನಲ್ಲಿ ಅತ್ತಳು. ಹುಡುಗಿಯದು ಒಂದೇ ಮಾತು: "ದೊಡ್ಡಮ್ಮ, ಅದು ನಾನು ಹಾಕಿಸಿಕೊಂಡ ಲಸಿಕೆಯ ಫಲ." ಮದುವೆಯಾಗಬೇಕಾದ ಹುಡುಗಿಯ ಮಾತನ್ನು ಯಾರು ಕೇಳುತ್ತಾರೆ, ಅವಳು ಎಷ್ಟು ಓದಿದ್ದರೇನು!

ಬೀಗಿತ್ತಿಯನ್ನೂ ಕರೆದುಕೊಂಡು ಡಾಕ್ಟರ ಬಳಿ ಹೋದೆವು. ಅವರು ಚೀಟಿಯ ಮೇಲೆ ಪೆನ್ನಿಟ್ಟು ಮೂರು ಸಾಲು ತೋರಿಸಿದರು. ಮೊದಲನೆಯದು ಎಚ್‌ಬಿಎಸ್ ಎಜಿ, ಅಂದರೆ ವೈರಸ್ಸಿನ ಮೇಲಂಗಿ. ಅದು ಪಾಸಿಟಿವ್ ಆದರೆ ವೈರಸ್ ಒಳಗಿದೆ. ಆರು ತಿಂಗಳಾದರೂ ಹೋಗದಿದ್ದರೆ ಬಹುಕಾಲದ ಸೋಂಕು. ಎರಡನೆಯದು ಆಂಟಿ ಎಚ್‌ಬಿಎಸ್. ಅದು ಆ ಅಂಗಿಯ ಗುರುತು ಹಿಡಿದು ಕಾಯುವ ನಮ್ಮದೇ ಕಾವಲು. ಮಿಲಿಲೀಟರಿಗೆ 10 ಮಿಲಿ ಯೂನಿಟ್ ಇದ್ದರೂ ರಕ್ಷಣೆಯೇ, ನಮ್ಮ ಹುಡುಗಿಯದು 340! ಮೂರನೆಯದು ಆಂಟಿ ಎಚ್‌ಬಿಸಿ. ಇದು ವೈರಸ್ಸಿನ ತಿರುಳಿಗೆ ಎದುರಾಗಿ ಹುಟ್ಟುವುದು. ಲಸಿಕೆಯಲ್ಲಿರುವುದು ಅಂಗಿ ಮಾತ್ರ, ತಿರುಳಿಲ್ಲ. ಆದ್ದರಿಂದ ಎರಡನೆಯದೂ ಮೂರನೆಯದೂ ಪಾಸಿಟಿವ್ ಆಗಿ ಮೊದಲನೆಯದು ನೆಗೆಟಿವ್ ಇದ್ದರೆ ರೋಗ ಬಂದು ಹೋಗಿದೆ ಎಂದರ್ಥ. ಇವಳದು ಎರಡನೆಯದೊಂದೇ ಪಾಸಿಟಿವ್, ಲಸಿಕೆಯದೇ ಕೆಲಸ.

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಮೊದಲ ಸಾಲೇ ಪಾಸಿಟಿವ್ ಆಗಿದ್ದರೆ? ಕೇಳಿಯೇ ಬಿಟ್ಟೆ. ಡಾಕ್ಟರು ಹೇಳಿದರು: ಆಗಲೂ ಮದುವೆ ಆಗಬಹುದು, ಗಂಡ ಮೊದಲೇ ಲಸಿಕೆ ಹಾಕಿಸಿಕೊಂಡರಾಯಿತು. ಒಟ್ಟಿಗೆ ಉಣ್ಣುವುದರಿಂದ, ತಟ್ಟೆ ಲೋಟದಿಂದ ಇದು ಹರಡುವುದಿಲ್ಲ. ರಕ್ತದಿಂದ, ದಾಂಪತ್ಯದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಕೊಟ್ಟರೆ ಬಹುಪಾಲು ಮಕ್ಕಳು ಪಾರಾಗುತ್ತವೆ. ಎಷ್ಟು ಸೊಸೆಯರ ಲೋಟವನ್ನು ಸುಮ್ಮನೆ ಬೇರೆ ಇಟ್ಟಿದ್ದಾರೋ ನಮ್ಮ ಜನ!

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಬೀಗಿತ್ತಿ, "ಹಾಗಾದ್ರೆ ನಮ್ಮ ಹುಡುಗನಿಗೂ ನೋಡಿಸ್ಬೇಕಾ ಡಾಕ್ಟ್ರೇ?" ಎಂದರು. ನೋಡಿಸಿದರು. ಮೂರು ಸಾಲೂ ನೆಗೆಟಿವ್. ರೋಗವೂ ಇಲ್ಲ, ಕಾವಲೂ ಇಲ್ಲ. ದೇಶದ ಎಲ್ಲ ಕಡೆಯ ಮಕ್ಕಳಿಗೆ ಸರ್ಕಾರದ ಲಸಿಕೆ ಮುಟ್ಟಿದ್ದು 2011ರ ಹೊತ್ತಿಗೆ. ಅವನು ಅದಕ್ಕೂ ಎಷ್ಟೋ ಮೊದಲು ಹುಟ್ಟಿದವನು. ಅಂದೇ ಮೊದಲ ಡೋಸ್ ಆಯಿತು. ಎರಡನೆಯದು ತಿಂಗಳ ಬಳಿಕ, ಲಗ್ನಪತ್ರಿಕೆ ಹಂಚುವ ಗಡಿಬಿಡಿಯಲ್ಲಿ. ಆರನೆಯ ತಿಂಗಳ ಮೂರನೆಯದಕ್ಕೆ ಅವನನ್ನು ಕರೆದುಕೊಂಡು ಹೋದವಳು ನಮ್ಮ ಹುಡುಗಿಯೇ.