ಮಡಚುವ ಚಾಕು ಮತ್ತು ಶ್ರಾವಕನ ವಿವೇಕ

ಗೃಹಸ್ಥನ ಬಾಳು ಉಪಕರಣಗಳಿಲ್ಲದೆ ಸಾಗದು. ಒಲೆ, ಒರಳು, ಕುಡುಗೋಲು, ಚಾಕು ಇವೆಲ್ಲ ಸಂಸಾರಕ್ಕೆ ಬೇಕಾದವು; ಎಚ್ಚರ ತಪ್ಪಿದರೆ ಇವೇ ಜೀವಘಾತಕ್ಕೆ ಕಾರಣವಾಗತಕ್ಕವು. ಆದುದರಿಂದಲೇ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ವಿವರಿಸುವಾಗ ಹಿಂಸಾದಾನವನ್ನೂ ಎಣಿಸಿದರು. ಕೊಡಲಿ, ಖಡ್ಗಗಳಷ್ಟೇ ಅಲ್ಲ, ನೆಲ ಅಗೆಯುವ ಗುದ್ದಲಿಯೂ ಬೆಂಕಿಯೂ ಆ ಸಾಲಿನಲ್ಲಿವೆ. ಇಂತಹ ವಸ್ತುವನ್ನು ಹೊಂದುವುದು, ಅದರಿಂದ ಸಂತೋಷಪಡುವುದು, ಅದನ್ನು ಇನ್ನೊಬ್ಬರ ಕೈಗೆ ಕೊಡುವುದು ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಹುಬ್ಬಳ್ಳಿಯ ಒಂದು ಶ್ರಾವಕ ಕುಟುಂಬದಲ್ಲಿ ಒಂದು ಸಣ್ಣ ಚಾಕುವಿನ ನಿಮಿತ್ತದಿಂದ ಈ ಮೂರೂ ಪ್ರಶ್ನೆಗಳು ಎದ್ದವು.

ಆ ಮನೆಯ ಯಜಮಾನರು ಜವಳಿ ವ್ಯಾಪಾರದಿಂದ ನಿವೃತ್ತರಾದವರು, ರಾತ್ರಿಭೋಜನ ತ್ಯಾಗಿಗಳು. ಜಿನೀವಾದಲ್ಲಿರುವ ಮಗಳ ಮನೆಗೆ ಹೋದಾಗ ಸುತ್ತಲಿನ ಊರುಗಳನ್ನು ನೋಡುವ ಅವಕಾಶ ಒದಗಿತು. ಪ್ರವಾಸದಲ್ಲಿ ಅವರಿಗೆ ಹಣ್ಣೇ ಆಧಾರ. ಹೋಟೆಲಿನ ಚಾಕು ಅದಕ್ಕೆ ಮೊದಲು ಏನನ್ನು ಕತ್ತರಿಸಿತ್ತೋ ಬಲ್ಲವರಾರು? ತಮ್ಮದೇ ಒಂದು ಚಾಕು ಇದ್ದರೆ ಸೂರ್ಯಾಸ್ತಕ್ಕೆ ಮುನ್ನ ಎಲ್ಲಿ ಬೇಕಾದರೂ ಕುಳಿತು ಶುದ್ಧವಾಗಿ ಉಣ್ಣಬಹುದು ಎಂದು ಅವರು ಯೋಚಿಸಿದರು. ಗಡಿಯಾಚೆ ಫ್ರಾನ್ಸಿನ ಸವಾಯ್ ಸೀಮೆಯ ಅಂಗಡಿಯೊಂದರಲ್ಲಿ ಅಲ್ಲಿಯ ರೈತರ ಹಳೆಯ ಮಡಚುವ ಚಾಕು ಅವರ ಕಣ್ಣಿಗೆ ಬಿದ್ದಿತು.

ಅದರ ಹೆಸರು ಓಪಿನೆಲ್. 1890ರಲ್ಲಿ ಸವಾಯ್‌ನ ಬೆಟ್ಟದ ಹಳ್ಳಿಯೊಂದರಲ್ಲಿ ಜೋಸೆಫ್ ಓಪಿನೆಲ್ ಎಂಬ ಹದಿನೆಂಟು ವರ್ಷದ ತರುಣ ಇದನ್ನು ರೂಪಿಸಿದ. ಅವನ ಮನೆಯವರು ಮರ ಸವರುವ ಕತ್ತಿ ಮುಂತಾದ ಹರಿತ ಹತ್ಯಾರುಗಳನ್ನು ಮಾಡುತ್ತಿದ್ದವರು. ಮರದ ಹಿಡಿ, ಉಕ್ಕಿನ ಅಲಗು, ಒಂದು ಮೊಳೆ, ಒಂದು ಲೋಹದ ಪಟ್ಟಿ, ಇಷ್ಟೇ ಅದರ ರಚನೆ. 1897ರಲ್ಲಿ ಒಂದರಿಂದ ಹನ್ನೆರಡರವರೆಗೆ ಅಳತೆಯ ಸಂಖ್ಯೆಗಳು ಬಂದವು. ತೆರೆದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ 1955ರಲ್ಲಿ ತಿರುಗುವ ಉಂಗುರವೊಂದನ್ನು ಜೋಡಿಸಿದರು. ಮುಂದೆ 2000ದಲ್ಲಿ ಅದೇ ಉಂಗುರ ಮುಚ್ಚಿದ ಅಲಗನ್ನೂ ಬಂಧಿಸುವಂತೆ ತಿದ್ದುಪಡಿಯಾಯಿತು.

ಕೊಳ್ಳುವಾಗಲೇ ವಿವೇಕದ ಮೊದಲ ಪರೀಕ್ಷೆ. ಅಂಗಡಿಯಲ್ಲಿ ಕೊಂಬಿನ ಹಿಡಿಯ ಚಾಕುಗಳೂ ಇದ್ದವು. ಅವು ಹೊಳಪಿನಿಂದ ಮನ ಸೆಳೆಯುವಂಥವು. ಹಿಡಿ ಯಾವುದರದ್ದೆಂದು ಕೇಳಿ ತಿಳಿದು, ಅವರು ಬೀಚ್ ಮರದ ಹಿಡಿಯುಳ್ಳ ಎಂಟನೆಯ ಸಂಖ್ಯೆಯದನ್ನು ಆರಿಸಿದರು. ಅದರ ಅಲಗು ಎಂಟೂವರೆ ಸೆಂಟಿಮೀಟರ್. ಮರವೂ ಜೀವವಿದ್ದದ್ದೇ, ದಿಟ. ಆದರೆ ಅಣುವ್ರತಿಯು ಸ್ಥಾವರ ಹಿಂಸೆಯನ್ನು ಆದಷ್ಟು ಮಿತಗೊಳಿಸಬೇಕು, ಸಂಕಲ್ಪಪೂರ್ವಕವಾದ ತ್ರಸ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಪಂಚೇಂದ್ರಿಯ ಜೀವಿಯ ಅಂಗವನ್ನು ಅಲಂಕಾರಕ್ಕಾಗಿ ಕೈಯಲ್ಲಿ ಹಿಡಿಯುವ ಅಗತ್ಯ ಅವನಿಗಿಲ್ಲ.

ಊರಿಗೆ ಮರಳಿದಾಗ ಅವರ ಧರ್ಮಪತ್ನಿ ಕೇಳಿದರು: “ಇಷ್ಟು ಶಾಸ್ತ್ರ ಓದಿದ ನೀವು ಜೇಬಿನಲ್ಲಿ ಚಾಕು ಇಟ್ಟುಕೊಂಡು ತಿರುಗುವುದೇ?” ಪ್ರಶ್ನೆ ಸಾಧುವಾದುದು. ಕವಿ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಬಲ್ಲವರಿಗೆ ಉತ್ತರದ ಒಂದು ಮುಖ ಹೊಳೆಯುತ್ತದೆ. ಯಶೋಧರನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ಅವನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಗತಿಯ ದುಃಖ ಉಂಡರು. ಪಾಪ ಅಲಗಿನಲ್ಲಿರಲಿಲ್ಲ, ಭಾವದಲ್ಲಿತ್ತು.

ಆದರೆ ಭಾವ ಶುದ್ಧವಾಗಿದ್ದರೆ ಸಾಕು, ವಸ್ತು ಹೇಗಿದ್ದರೇನು ಎಂದು ಹೇಳುವುದಕ್ಕೂ ಶಾಸ್ತ್ರ ಬಿಡುವುದಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅಜೀವ ವಸ್ತುವೂ ಆಸ್ರವಕ್ಕೆ ಅಧಿಕರಣವಾಗುತ್ತದೆಂದು ಹೇಳಿ, ನಿಕ್ಷೇಪವನ್ನು, ಎಂದರೆ ವಸ್ತುವನ್ನು ಇಡುವ ಕ್ರಿಯೆಯನ್ನು, ಅದರಲ್ಲಿ ಸೇರಿಸುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನಾಲ್ಕು ಬಗೆಯ ನಿಕ್ಷೇಪಗಳನ್ನು ಹೆಸರಿಸುತ್ತಾರೆ. ನೋಡದೆ ಇಡುವುದು ಅಪ್ರತ್ಯವೇಕ್ಷಿತ, ಸರಿಯಾಗಿ ಒರೆಸದೆ ಇಡುವುದು ದುಷ್ಪ್ರಮೃಷ್ಟ, ಅವಸರದಲ್ಲಿ ಇಡುವುದು ಸಹಸಾ, ಲಕ್ಷ್ಯವಿಲ್ಲದೆ ಎಲ್ಲೆಂದರಲ್ಲಿ ಇಡುವುದು ಅನಾಭೋಗ. ಚಾಕುವನ್ನು ಕೊಂಡ ದಿನಕ್ಕಿಂತ ಅದನ್ನು ದಿನವೂ ಇಡುವ ಕ್ಷಣವೇ ದೊಡ್ಡದೆಂಬುದು ಇದರ ಇಂಗಿತ.

ಆ ಹಿರಿಯರ ಸಂತೋಷ ಈ ಕ್ರಿಯೆಗಳಲ್ಲಿಯೇ ನೆಲೆಗೊಂಡಿತು. ಅವರ ಚಾಕು ತುಕ್ಕು ಹಿಡಿಯುವ ಇಂಗಾಲದ ಉಕ್ಕಿನದು. ಹಣ್ಣಿನ ಹುಳಿ ತಾಗಿದರೆ ಕಪ್ಪಾಗುತ್ತದೆ, ನೀರು ಕುಡಿದರೆ ಹಿಡಿ ಉಬ್ಬಿ ಅಲಗು ತೆರೆಯಲೊಲ್ಲದು. ಆದುದರಿಂದ ಪ್ರತಿಸಲವೂ ಒಣಬಟ್ಟೆಯಿಂದ ಒರೆಸಲೇಬೇಕು, ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಬೇಕು. ಪೇರಲ ಹಣ್ಣನ್ನು ನಾಲ್ಕು ಹೋಳು ಮಾಡಿ, ಬೆಳಕಿಗೆ ಹಿಡಿದು ಹುಳುವಿದೆಯೇ ಎಂದು ಶೋಧಿಸಿ ತಿನ್ನುವುದು ಅವರ ನಿಯಮ. ಮೊಂಡು ಚಾಕು ಹಣ್ಣನ್ನೂ ಒಳಗಿನ ಹುಳುವನ್ನೂ ಹಿಸುಕುತ್ತದೆ. ಸಾಣೆಗೊಂಡ ತೆಳುವಾದ ಅಲಗಿನಿಂದ ನಿಧಾನವಾಗಿ ಹೋಳು ಮಾಡಿದರೆ ಒಳಗಿನದು ಕಾಣುತ್ತದೆ. ಹೀಗೆ ಹರಿತವನ್ನು ಕಾಯುವುದೂ ಅವರಿಗೆ ಯತ್ನಾಚಾರದ ಭಾಗವಾಯಿತು. ಒರೆಸಿ, ಮಡಚಿ, ಉಂಗುರ ತಿರುಗಿಸಿದಾಗ ಆಗುವ ಮೆಲುಸದ್ದು ಅವರಿಗೆ ಪ್ರಿಯ.

ಇಲ್ಲಿ ಇನ್ನೊಂದು ಅಪಾಯವಿದೆ. ಮೆಚ್ಚಿದ ವಸ್ತುವಿನ ಉಳಿದ ಅಳತೆಗಳೂ ಬೇಕೆನಿಸುವುದು ಮನುಷ್ಯ ಸ್ವಭಾವ. ಉಮಾಸ್ವಾಮಿಗಳು ಪರಿಗ್ರಹವನ್ನು ಮೂರ್ಛೆಯೆಂದೇ ಕರೆದರು. ಒಂದು ಚಾಕು ಉಪಭೋಗ. ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಹತ್ತು ಚಾಕುಗಳು ಯಾವ ಹಣ್ಣನ್ನೂ ಕೊಯ್ಯುವುದಿಲ್ಲ. ಹಿರಿಯರು ತಮ್ಮ ಪರಿಮಾಣದ ಪುಸ್ತಕದಲ್ಲಿ “ಚಾಕು, ಒಂದು” ಎಂದು ಬರೆದು ಗೆರೆ ಎಳೆದರು.

ಕಡೆಯದು ಹಿಂಸಾದಾನದ ಪ್ರಶ್ನೆ. ಹನ್ನೊಂದು ವರ್ಷದ ಮೊಮ್ಮಗ “ಅಜ್ಜಾ, ಅದನ್ನು ನನಗೆ ಕೊಡುತ್ತೀರಾ?” ಎಂದು ಕೇಳಿದ. ಸವಾಯ್ ಸೀಮೆಯಲ್ಲಿ ಮಕ್ಕಳಿಗೆಂದೇ ತುದಿ ದುಂಡಗಿರುವ ಚಾಕು ಮಾಡುತ್ತಾರೆಂಬುದು ಅಜ್ಜನಿಗೆ ಗೊತ್ತು. ಆದರೂ ಅವರು ಕೊಡಲಿಲ್ಲ, ಗದರಲೂ ಇಲ್ಲ. ಬಳಿಯಲ್ಲಿ ಕೂರಿಸಿಕೊಂಡು ಅಲಗಿನ ಮೇಲಿನ ಗುರುತನ್ನು ತೋರಿಸಿದರು. ಅದು ಕಿರೀಟದ ಕೆಳಗೆ ಎತ್ತಿ ಹಿಡಿದ ಕೈ. ಆ ಸೀಮೆಯ ಸಂತನೊಬ್ಬನ ಆಶೀರ್ವಾದದ ಹಸ್ತವನ್ನು ಓಪಿನೆಲ್ 1909ರಲ್ಲಿ ಮುದ್ರೆಯಾಗಿ ಆರಿಸಿದ್ದ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಕಾಲದಲ್ಲಿ ಸಮಸ್ತ ಜೈನರು ಒಪ್ಪಿದ ಲಾಂಛನದಲ್ಲಿಯೂ ಎತ್ತಿದ ಕೈಯಿದೆ. ಎರಡಕ್ಕೂ ಸಂಬಂಧವಿಲ್ಲ. ಆದರೆ ಹುಡುಗನಿಗೆ ಹೇಳಲು ಅಜ್ಜನಿಗೆ ಅದು ಒದಗಿ ಬಂದಿತು: “ತೆರೆಯುವ ಮುಂಚೆ ಈ ಕೈಯನ್ನು ನೋಡು. ನಿಲ್ಲು ಎನ್ನುತ್ತದೆ. ಏತಕ್ಕೆ ತೆರೆಯುತ್ತಿದ್ದೀ ಎಂದು ಕೇಳುತ್ತದೆ.” ಅಂದಿನಿಂದ ಸಂಜೆಯ ಹಣ್ಣನ್ನು ಅಜ್ಜನ ಎದುರಿಗೆ ಹುಡುಗನೇ ಹೋಳು ಮಾಡುತ್ತಾನೆ, ಶೋಧಿಸುತ್ತಾನೆ, ಒರೆಸಿ ಮಡಚಿ ಮರಳಿ ಅಜ್ಜನ ಕೈಗೆ ಕೊಡುತ್ತಾನೆ.

ಉಪಕರಣವನ್ನು ಕೊಡುವ ಮುಂಚೆ ಅದರ ಎಚ್ಚರವನ್ನು ಕೊಡಬೇಕು. ಎಚ್ಚರವಿಲ್ಲದ ಕೈಗೆ ಕೊಟ್ಟದ್ದು ಗುದ್ದಲಿಯಾದರೂ ಹಿಂಸಾದಾನವೇ. ಮನೆಯ ಅಡಿಗೆಯಲ್ಲಾಗಲಿ, ಬಸದಿಯ ಭೋಜನಶಾಲೆಯಲ್ಲಾಗಲಿ, ಚಾಕು ಯಾರ ವಶದಲ್ಲಿದೆ, ಕೆಲಸ ಮುಗಿದ ಮೇಲೆ ಎಲ್ಲಿ ಹೇಗೆ ಇರುತ್ತದೆ ಎಂಬುದನ್ನು ಹಿರಿಯರು ದಿನಕ್ಕೊಮ್ಮೆ ನೋಡುವುದು ಒಳ್ಳೆಯದು. ಅದಕ್ಕೆ ಖರ್ಚಿಲ್ಲ, ಅನರ್ಥದಂಡ ವಿರತಿಯ ಅಭ್ಯಾಸ ಅಲ್ಲಿಂದಲೇ ಆರಂಭವಾಗಬಲ್ಲದು.